ಹಂದಿಗೆಂದು ಹುಟ್ಟಿದ ಪರಿಮಳ

ಬೆಂಗಳೂರಿನಲ್ಲಿ ಟ್ರಫಲ್ ಫ್ರೈಸ್ ತಿಂದವರು ಬಹಳ ಜನ ಇದ್ದಾರೆ. ನೆಲದೊಳಗೆ ಬೆಳೆಯುವ ಟ್ರಫಲ್ ಎಂಬ ಅಣಬೆಯನ್ನೇ ತಿಂದವರು ತೀರಾ ಕಡಿಮೆ. ಇಂದಿರಾನಗರದ ಕೆಫೆಗಳಲ್ಲಿ ಫ್ರೈಸ್ ಮೇಲೆ, ಕೋರಮಂಗಲದಲ್ಲಿ ಪಿಜ್ಜಾ ಮೇಲೆ ಚಿಮುಕಿಸುವುದು ಟ್ರಫಲ್ ಎಣ್ಣೆ. ಮಾರುಕಟ್ಟೆಯಲ್ಲಿ ಸಿಗುವ ಈ ಎಣ್ಣೆಗಳಲ್ಲಿ ಹೆಚ್ಚಿನವು ಟ್ರಫಲ್ ಅಣಬೆಯ ವಾಸನೆಯನ್ನು ಅಣಬೆಯಿಂದ ಪಡೆದಿರುವುದಿಲ್ಲ. ಅಡುಗೆ ಎಣ್ಣೆಗೆ 2,4-ಡೈಥಯಾಪೆಂಟೇನ್ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಅದು ತಯಾರಾಗುವುದು ಪ್ರಯೋಗಾಲಯದಲ್ಲಿ. ಇಟಲಿಯ ಬಿಳಿ ಟ್ರಫಲ್‌ನ ವಾಸನೆಯಲ್ಲಿ ಈ ಅಣು ಮುಖ್ಯವಾದದ್ದು ನಿಜ. ಆದರೆ ಅಲ್ಲಿ ಅದರ ಜೊತೆ ಹತ್ತಾರು ಬೇರೆ ಅಣುಗಳಿರುತ್ತವೆ. ಎಣ್ಣೆಯಲ್ಲಿ ಇದೊಂದೇ ಕೂಗುತ್ತದೆ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಫ್ಲೇವರ್ ಅಥವಾ ಅರೋಮಾ ಅಂತ ಬರೆದಿದ್ದರೆ ವಿಷಯ ಇಷ್ಟೇ.

ಇದು ನನಗೆ ಬೇಸರದ ಸಂಗತಿ. ಟ್ರಫಲ್‌ನಲ್ಲಿ ಅಚ್ಚರಿಪಡಬೇಕಾದದ್ದೇ ಅದರ ವಾಸನೆ. ಆ ಅಣಬೆಯ ಇಡೀ ಬದುಕು ಆ ವಾಸನೆಯ ಮೇಲೆ ನಿಂತಿದೆ. ಅದು ಗೊತ್ತಾದ ಮೇಲೆ ಬಾಟಲಿಯ ಎಣ್ಣೆ ಸಪ್ಪೆ ಅನ್ನಿಸುತ್ತದೆ.

ಯುರೋಪಿನಲ್ಲಿ ಕಪ್ಪು ಟ್ರಫಲ್ ಚಳಿಗಾಲದ ಬೆಳೆ. ಆಸ್ಟ್ರೇಲಿಯಾದಲ್ಲೂ ಚಳಿಗಾಲದ್ದೇ, ಆದರೆ ಅಲ್ಲಿ ಚಳಿಗಾಲ ಅಂದರೆ ಜೂನ್‌ನಿಂದ ಆಗಸ್ಟ್. ಹಾಗಾಗಿ ನಮ್ಮ ಮಳೆಗಾಲದಲ್ಲಿ ಬೆಂಗಳೂರಿಗೆ ತಾಜಾ ಕಪ್ಪು ಟ್ರಫಲ್ ಬರುತ್ತದೆ. ಒಂದು ಜುಲೈನಲ್ಲಿ ಲ್ಯಾವೆಲ್ ರಸ್ತೆಯ ರೆಸ್ಟೋರೆಂಟ್ ಒಂದರಲ್ಲಿ ನಾನು ಮೊದಲ ಸಲ ತಿಂದೆ. ಬೆಣ್ಣೆಯಲ್ಲಿ ಮಾಡಿದ ಮೊಟ್ಟೆಯ ಮೇಲೆ ಕಾಗದದಷ್ಟು ತೆಳ್ಳಗೆ ಹೆರೆದು ಕೊಟ್ಟರು. ಹೊರಗೆ ಕಪ್ಪು, ಗಂಟು ಗಂಟು. ಒಳಗೆ ಕಡುಬಣ್ಣದ ಮೇಲೆ ಬಿಳಿ ನರಗಳು. ನಾಲಿಗೆಗೆ ಹೆಚ್ಚೇನೂ ಸಿಗಲಿಲ್ಲ. ಉಪ್ಪಿಲ್ಲ, ಸಿಹಿಯಿಲ್ಲ, ಬರೀ ಸಣ್ಣ ಕುರುಕಲು. ಉಸಿರು ಬಿಟ್ಟಾಗ ಮೂಗಿನ ಹಿಂಭಾಗದಲ್ಲಿ ಎಲ್ಲ ಒಟ್ಟಿಗೆ ತೆರೆದುಕೊಂಡಿತು. ಒದ್ದೆ ಎಲೆ, ಹುರಿದ ಬೀಜ, ಬೆಂದ ಜೋಳ, ಅದರಡಿಯಲ್ಲಿ ಒಂದು ತೀಕ್ಷ್ಣವಾದ ಗಂಧಕದ ಎಳೆ. ಜೊತೆಗಿದ್ದ ಗೆಳತಿ ಗ್ಯಾಸ್ ಸೋರಿದ ಹಾಗಿದೆ ಅಂದಳು. ಅವಳು ಹೇಳಿದ್ದು ರಸಾಯನಶಾಸ್ತ್ರದ ಪ್ರಕಾರ ಸರಿಯಾಗಿಯೇ ಇದೆ. ನಮ್ಮ ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಅಂತ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ ಸೇರಿಸುತ್ತಾರೆ. ಗಂಧಕದ ಅಣುಗಳನ್ನು ಮನುಷ್ಯನ ಮೂಗು ನೂರು ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಹಿಡಿಯುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಇದು ನನಗೆ ತುಂಬಾ ಇಷ್ಟವಾದ ಭಾಗ. ಕಪ್ಪು ಟ್ರಫಲ್‌ನ ವಾಸನೆಯಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅಣು ಇದೆ. ಅದು ಕುದಿಯುವುದು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂದರೆ ನಮ್ಮ ಮೈಯ ಬಿಸಿಯಲ್ಲಿ! ಬಾಯಿಗೆ ಹಾಕಿಕೊಂಡ ಕೂಡಲೇ ಅದು ಆವಿಯಾಗಿ, ಗಂಟಲಿನ ಹಿಂದಿನ ದಾರಿಯಿಂದ ಮೂಗಿಗೆ ಏರುತ್ತದೆ. ನಾವು ರುಚಿ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ಈ ಹಿಂಬಾಗಿಲಿನ ವಾಸನೆ. ಮೂಗು ಹಿಡಿದುಕೊಂಡು ಟ್ರಫಲ್ ತಿಂದರೆ ದುಡ್ಡು ದಂಡ. ಬಾಣಲೆಯಲ್ಲಿ ಹುರಿದರೂ ಅಷ್ಟೇ, ಅಡುಗೆಮನೆ ಘಮಘಮ, ತಟ್ಟೆ ಖಾಲಿ. ಅದಕ್ಕೇ ಹಸಿಯಾಗಿ ಹೆರೆಯುತ್ತಾರೆ. ಬೆಣ್ಣೆ, ಮೊಟ್ಟೆ ಯಾಕೆಂದರೆ ಈ ಅಣುಗಳು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಟ್ರಫಲ್ ಇಟ್ಟ ಡಬ್ಬಿಯಲ್ಲಿ ಒಡೆಯದ ಮೊಟ್ಟೆ ಇಟ್ಟರೂ ಸಾಕು, ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ವಾಸನೆ ಹಳದಿಯವರೆಗೂ ಹೋಗುತ್ತದೆ.

ಇನ್ನೂ ಒಂದು ವಿಷಯ. ಈ ವಾಸನೆ ಒಳಗೆ ತುಂಬಿಟ್ಟ ಸರಕಲ್ಲ. ಅಗೆದು ತೆಗೆದ ಮೇಲೂ ಟ್ರಫಲ್ ಜೀವಂತವಾಗಿ ಉಸಿರಾಡುತ್ತಿರುತ್ತದೆ, ವಾಸನೆಯನ್ನು ಮಾಡುತ್ತಲೇ ಇರುತ್ತದೆ. ಅದರೊಳಗೆ ವಾಸವಿರುವ ಬ್ಯಾಕ್ಟೀರಿಯಾಗಳೂ ಈ ಕೆಲಸಕ್ಕೆ ಕೈ ಜೋಡಿಸುತ್ತವೆ. ಆ ಜೀವ ಕುಂದಿದ ಹಾಗೆ ವಾಸನೆಯೂ ಕುಂದುತ್ತದೆ. ಎಣ್ಣೆಯಲ್ಲಿ ಹಿಡಿದಿಟ್ಟು ತಿಂಗಳುಗಟ್ಟಲೆ ಮಾರುವುದು ಕಷ್ಟ ಅನ್ನುವುದಕ್ಕೆ ಇದೇ ಕಾರಣ. ನಮ್ಮ ಇಂಗನ್ನು ನೋಡಿ. ಅದರ ಘಾಟೂ ಗಂಧಕದ ಸಂಯುಕ್ತಗಳದ್ದೇ. ಆದರೆ ಅದು ಗಿಡದ ಬೇರಿನಿಂದ ಒಸರಿ ಒಣಗಿದ ಅಂಟು, ಡಬ್ಬಿಯಲ್ಲಿ ವರ್ಷ ಕಳೆದರೂ ಒಗ್ಗರಣೆಗೆ ಬರುತ್ತದೆ. ಟ್ರಫಲ್‌ಗೆ ಒಂದೆರಡು ವಾರ ದಾಟಿಸುವುದೇ ಕಷ್ಟ.

ಇಷ್ಟೊಂದು ಖರ್ಚು ಮಾಡಿ ಅಣಬೆಯೊಂದು ವಾಸನೆ ಬೀರುವುದು ಯಾರಿಗಾಗಿ? ನಮಗಾಗಿ ಅಂತೂ ಅಲ್ಲ. ಸಾಮಾನ್ಯ ಅಣಬೆ ಕೊಡೆ ಬಿಚ್ಚುತ್ತದೆ, ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ. ಟ್ರಫಲ್ ನೆಲದೊಳಗೇ ಹುಟ್ಟಿ ನೆಲದೊಳಗೇ ಹಣ್ಣಾಗುತ್ತದೆ. ಬಿಸಿಲಿಗೆ ಒಣಗುವ ಭಯ ಇಲ್ಲ, ಆದರೆ ಗಾಳಿಯೂ ಇಲ್ಲ. ಯಾರಾದರೂ ಅಗೆದು ತಿಂದು ಬೇರೆ ಕಡೆ ಹಿಕ್ಕೆ ಹಾಕಬೇಕು. ಬೀಜಕಣಗಳು ಹೊಟ್ಟೆಯಲ್ಲಿ ಜೀರ್ಣವಾಗದೆ ಹೊರಬರುತ್ತವೆ. ಕಾಡುಹಂದಿ, ಇಲಿ, ಅಳಿಲು ಇದರ ಗಿರಾಕಿಗಳು. ಆಸ್ಟ್ರೇಲಿಯಾದ ಪೊಟೊರೂ ಎಂಬ ಪುಟ್ಟ ಪ್ರಾಣಿಯ ಆಹಾರದಲ್ಲಿ ಬಹುಪಾಲು ಇಂಥ ನೆಲದಡಿಯ ಶಿಲೀಂಧ್ರಗಳೇ. ಬೇರೆ ಬೇರೆ ಶಿಲೀಂಧ್ರ ವಂಶಗಳು ಒಂದಕ್ಕೊಂದು ಸಂಬಂಧವಿಲ್ಲದೆ ಈ ಉಪಾಯಕ್ಕೆ ಬಂದಿವೆ. ಬೀಜಕಣ ಬಲಿಯುವವರೆಗೆ ಟ್ರಫಲ್ ಹೆಚ್ಚುಕಡಿಮೆ ಮೌನ. ಬಲಿತ ಮೇಲೆ ಮಾತ್ರ ಪರಿಮಳ. ಕುಂಟೆಯಿಂದ ನೆಲ ಕೆದಕಿದರೆ ಕಾಯಿ, ಹಣ್ಣು ಎರಡೂ ಸಿಗುತ್ತವೆ. ಟ್ರಫಲ್ ಹುಡುಕಲು ಪಳಗಿಸಿದ ನಾಯಿಯ ಮೂಗು ಹಣ್ಣನ್ನೇ ಹುಡುಕುತ್ತದೆ.

ಹಂದಿಯ ಬಗ್ಗೆ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಗಂಡುಹಂದಿಯ ಮೈಯಲ್ಲಿರುವ ಕಾಮೋತ್ತೇಜಕ ವಾಸನೆ ಟ್ರಫಲ್‌ನಲ್ಲಿದೆ, ಅದಕ್ಕೇ ಹೆಣ್ಣುಹಂದಿ ಹುಚ್ಚಾಗಿ ಅಗೆಯುತ್ತದೆ, ಹಾಗಾಗಿ ಮನುಷ್ಯರಿಗೂ ಟ್ರಫಲ್ ಕಾಮೋತ್ತೇಜಕ ಅಂತ. ಕಥೆಗೆ ಒಂದು ಬೇರು ಇದೆ. 1981ರಲ್ಲಿ ಜರ್ಮನ್ ಸಂಶೋಧಕರು ಟ್ರಫಲ್‌ನಲ್ಲಿ ಆಂಡ್ರೋಸ್ಟೆನಾಲ್ ಎಂಬ ಆ ಅಣುವನ್ನು ಗುರುತಿಸಿದರು. ಆದರೆ 1990ರಲ್ಲಿ ಫ್ರಾನ್ಸ್‌ನ ಸಂಶೋಧಕರು ನೇರವಾಗಿ ಹಂದಿಯನ್ನೇ ಕೇಳಿದರು. ಟ್ರಫಲ್, ಆಂಡ್ರೋಸ್ಟೆನಾಲ್, ಡೈಮೀಥೈಲ್ ಸಲ್ಫೈಡ್ ಇವನ್ನು ಬೇರೆ ಬೇರೆ ಕಡೆ ಮಣ್ಣಲ್ಲಿ ಹೂತರು. ಹಂದಿ ಟ್ರಫಲ್‌ಗೆ ಹೋಯಿತು, ಡೈಮೀಥೈಲ್ ಸಲ್ಫೈಡ್‌ಗೂ ಹೋಯಿತು. ಆಂಡ್ರೋಸ್ಟೆನಾಲ್ ಕಡೆ ಆಸಕ್ತಿಯನ್ನೇ ತೋರಿಸಲಿಲ್ಲ. ಹಂದಿಗೆ ಬೇಕಿದ್ದದ್ದು ಊಟ. ಪ್ರಯೋಗ ಮುಗಿದು ಇಷ್ಟು ಕಾಲವಾದರೂ ಕಾಮೋತ್ತೇಜಕದ ಮಾತು ಮೆನು ಕಾರ್ಡುಗಳಲ್ಲಿ ಉಳಿದುಕೊಂಡಿದೆ.

ಇನ್ನೊಂದು ನಂಬಿಕೆ ನಮಗೆ ಹತ್ತಿರದ್ದು. ಗುಡುಗಿದರೆ ಅಣಬೆ ಏಳುತ್ತದೆ ಅಂತ ಮಲೆನಾಡಿನಲ್ಲಿ ಹೇಳುತ್ತಾರೆ ಅಲ್ವಾ? ಗ್ರೀಕ್ ಲೇಖಕ ಪ್ಲೂಟಾರ್ಕ್ ಸುಮಾರು 1900 ವರ್ಷಗಳ ಹಿಂದೆ ಟ್ರಫಲ್ ಬಗ್ಗೆ ಇದೇ ಮಾತನ್ನು ಚರ್ಚಿಸಿದ್ದಾನೆ. ಅರಬ್ ಮರುಭೂಮಿಯ ಜನರೂ ತಮ್ಮ ಮರಳಿನ ಟ್ರಫಲ್‌ಗೆ ಗುಡುಗೇ ಕಾರಣ ಅನ್ನುತ್ತಾರೆ. ಮೂರೂ ಕಡೆ ಜನ ನೋಡಿದ್ದು ಸರಿಯಾಗಿಯೇ ಇದೆ, ಕಾರಣ ಮಾತ್ರ ಬೇರೆ. ಗುಡುಗಿನ ಜೊತೆ ಮಳೆ ಬರುತ್ತದೆ, ಮಣ್ಣು ನೆನೆಯುತ್ತದೆ, ಒಳಗೆ ಕಾದಿದ್ದ ಶಿಲೀಂಧ್ರದ ಎಳೆಗಳು ಅಣಬೆ ಕಟ್ಟುತ್ತವೆ. ಫ್ರಾನ್ಸ್‌ನಲ್ಲೂ ಬೇಸಿಗೆಯ ಮಳೆ ಚೆನ್ನಾಗಿ ಬಂದ ವರ್ಷ ಚಳಿಗಾಲದ ಟ್ರಫಲ್ ಬೆಳೆ ಚೆನ್ನಾಗಿರುತ್ತದೆ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಶಿಟಾಕೆ ಅಣಬೆಯ ದಿಮ್ಮಿಗಳಿಗೆ ವಿದ್ಯುತ್ ಆಘಾತ ಕೊಟ್ಟು ಇಳುವರಿ ಹೆಚ್ಚಿಸಿದ್ದಾರೆ, ಅದು ಸುಳ್ಳಲ್ಲ. ಆದರೆ ಆ ದಿಮ್ಮಿಗಳಲ್ಲಿ ಶಿಲೀಂಧ್ರ ಮೊದಲೇ ಇತ್ತು. ಸಿಡಿಲು ಅಣಬೆಯನ್ನು ಸೃಷ್ಟಿಸುವುದಿಲ್ಲ.

ಹಾಗಾದರೆ ಬೆಂಗಳೂರಿನಲ್ಲೇ ಬೆಳೆಯಬಹುದಲ್ಲ ಅಂತ ಕೇಳುವವರಿದ್ದಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದು, ಬೀಜ ತಂದು, ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಯುವವರು ನಮ್ಮಲ್ಲಿ ಎಷ್ಟೋ ಜನ. ಟ್ರಫಲ್ ಹಾಗೆ ಬರುವುದಿಲ್ಲ. ಅದಕ್ಕೆ ಜೀವಂತ ಮರದ ಬೇರು ಬೇಕು. ಓಕ್, ಹೇಜಲ್ ಮರಗಳ ಬೇರಿನ ತುದಿಗೆ ಕವಚದಂತೆ ಸುತ್ತಿಕೊಂಡು ಮಣ್ಣಿನ ರಂಜಕ, ಸಾರಜನಕ, ನೀರನ್ನು ಮರಕ್ಕೆ ಕೊಡುತ್ತದೆ, ಮರದಿಂದ ಸಕ್ಕರೆ ಪಡೆಯುತ್ತದೆ. ಈ ಕೊಡುಕೊಳ್ಳುವಿಕೆ ವಿಜ್ಞಾನಕ್ಕೆ ತಿಳಿದದ್ದೂ ಟ್ರಫಲ್‌ನಿಂದಲೇ. ಆಗಿನ ಜರ್ಮನಿಯ ಪ್ರಶ್ಯ ರಾಜ್ಯದ ಸರ್ಕಾರ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯವಿಜ್ಞಾನಿಗೆ ಟ್ರಫಲ್ ಬೆಳೆಸುವ ದಾರಿ ಹುಡುಕಲು ಹೇಳಿತ್ತು. ದಾರಿ ಸಿಗಲಿಲ್ಲ. ಆದರೆ ಬೇರುಗಳನ್ನು ನೋಡುತ್ತಾ ನೋಡುತ್ತಾ ಅವನು 1885ರಲ್ಲಿ ಬೇರು, ಶಿಲೀಂಧ್ರಗಳ ಈ ಜೋಡಿಗೆ ಮೈಕೊರೈಜಾ ಎಂಬ ಹೆಸರಿಟ್ಟ. ನೆಲದ ಮೇಲಿನ ಹೆಚ್ಚಿನ ಗಿಡಮರಗಳು ಯಾವುದೋ ಒಂದು ಬಗೆಯ ಇಂಥ ಸಂಬಂಧದಲ್ಲಿವೆ ಅಂತ ಈಗ ಗೊತ್ತು. ಸರ್ಕಾರಕ್ಕೆ ಬೇಕಾದದ್ದು ಒಂದು, ಸಿಕ್ಕಿದ್ದು ಅದಕ್ಕಿಂತ ಎಷ್ಟೋ ದೊಡ್ಡದು.

ಕಪ್ಪು ಟ್ರಫಲ್‌ಗೆ ಸುಣ್ಣದ ಅಂಶವಿರುವ ಮಣ್ಣು ಬೇಕು, ಗಟ್ಟಿ ಚಳಿಗಾಲ ಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಎರಡೂ ಇಲ್ಲ. ರಸ್ತೆ ಬದಿಯ ಸಿಲ್ವರ್ ಓಕ್ ಓಕ್ ಕುಟುಂಬಕ್ಕೆ ಸೇರಿದ್ದೇ ಅಲ್ಲ.

ಆದರೆ ಭಾರತಕ್ಕೂ ಟ್ರಫಲ್‌ಗೂ ನಂಟಿದೆ. ಹಿಮಾಲಯದ ಮಸ್ಸೂರಿಯಲ್ಲಿ ಸಿಕ್ಕ ಒಂದು ಟ್ರಫಲ್‌ಗೆ 1892ರಲ್ಲಿ ಟ್ಯೂಬರ್ ಇಂಡಿಕಮ್ ಅಂತ ಹೆಸರಿಟ್ಟರು. ಅದು ಚೀನಾದಲ್ಲಿ ಜಾಸ್ತಿ ಬೆಳೆಯುತ್ತದೆ, ಪರಿಮಳ ಕಡಿಮೆ, ಬೆಲೆಯೂ ಕಡಿಮೆ. ನೋಡಲು ಮಾತ್ರ ಫ್ರಾನ್ಸ್‌ನ ದುಬಾರಿ ಟ್ಯೂಬರ್ ಮೆಲನೋಸ್ಪೋರಮ್ ಥರವೇ. ಹಾಗಾಗಿ ಅದರ ಜೊತೆ ಬೆರೆಸಿ ಮಾರುವ ಮೋಸ ನಡೆಯುತ್ತದೆ.

ದಕ್ಷಿಣ ಕನ್ನಡ, ಉಡುಪಿಯವರಿಗೆ ಕಲ್ಲಣಬೆ ಗೊತ್ತು, ತುಳುವಿನಲ್ಲಿ ಕಲ್ಲಲಾಂಬು. ಮೊದಲ ಮಳೆ ಬಿದ್ದಾಗ ಕಾಡಿನ ತರಗೆಲೆ ಸರಿಸಿ ಹುಡುಕುತ್ತಾರೆ, ಸಂತೆಯಲ್ಲಿ ಒಳ್ಳೆಯ ಬೆಲೆ ಇದೆ. ಇದನ್ನು ನಮ್ಮ ಟ್ರಫಲ್ ಅಂತ ಕರೆಯುವುದು ಈಗ ರೂಢಿಯಾಗುತ್ತಿದೆ. ಮರದ ಬೇರಿನ ಜೊತೆ ಬದುಕುತ್ತದೆ, ಉಂಡೆಯಾಗಿದೆ, ಅಷ್ಟು ಸಾಮ್ಯ ಸರಿ. ವಂಶ ಬೇರೆ, ಉಪಾಯವೂ ಬೇರೆ. ಕಲ್ಲಣಬೆ ಬಲಿತಾಗ ಸಿಪ್ಪೆ ನಕ್ಷತ್ರದ ಹಾಗೆ ಬಿರಿದು, ಮಳೆಹನಿ ಬಿದ್ದಾಗಲೆಲ್ಲ ಬೀಜಕಣಗಳ ಪುಡಿಯನ್ನು ಗಾಳಿಗೆ ಊದುತ್ತದೆ. ಪ್ರಾಣಿಯನ್ನು ಕರೆಯುವ ಕೆಲಸ ಅದಕ್ಕಿಲ್ಲ. ಅದಕ್ಕೇ ಕಲ್ಲಣಬೆಯನ್ನು ಎಳೆಯದಾಗಿ, ಒಳಗೆ ಬೆಳ್ಳಗಿರುವಾಗ ತಿನ್ನುತ್ತೇವೆ, ಕಪ್ಪಾದರೆ ಎಸೆಯುತ್ತೇವೆ. ಕಪ್ಪು ಟ್ರಫಲ್ ವಿಷಯ ತಿರುಗುಮುರುಗು. ಹೆರೆದಾಗ ಒಳಗೆ ಬೆಳ್ಳಗಿದ್ದು ವಾಸನೆ ಬರದಿದ್ದರೆ ಅದಿನ್ನೂ ಬಲಿತಿಲ್ಲ, ಅಂಥದ್ದಕ್ಕೆ ದುಡ್ಡು ಕೊಡಬೇಡಿ.