ಡಬ್ಬಿ ಒಡೆದದ್ದು ಯಾವಾಗ?

ಡಿಸೆಂಬರ್ ಮೂರನೇ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕ್ರಿಸ್‌ಮಸ್, ಹೊಸ ವರ್ಷದ ಕೇಕಿನ ಆರ್ಡರು ಹಿಡಿದ ಬೇಕರಿಯವರದೆಲ್ಲ ಒಂದೇ ಮಾತು. "ಸಾವ್ಕಾರ್ರ, ಕೇಕ್ ಏಳವಲ್ದು. ನಿಮ್ಮ ಬೇಕಿಂಗ್ ಪೌಡರ್ ನಕಲಿ ಅದ." ಡಬ್ಬಿ ಒಡೆದದ್ದು ಯಾವಾಗ ಎಂದು ಕೇಳುತ್ತೇನೆ. ಆ ಕಡೆಯಿಂದ ಬರುವ ಉತ್ತರ ಇಷ್ಟು ವರ್ಷವಾದರೂ ಬದಲಾಗಿಲ್ಲ: "ಡೇಟ್ ಇನ್ನಾ ಒಂದು ವರ್ಷ ಅದಲ್ರೀ!"

ನಾನು ಕೇಳಿದ್ದು ಅದಲ್ಲ.

ಕಲಬುರಗಿಯಲ್ಲಿ ಬೇಕರಿ ಸಾಮಾನು ಹಂಚುವ ಕೆಲಸ ನನ್ನದು. ಹೊರದೇಶದ ಬೇಕಿಂಗ್ ಪೌಡರ್ ನ್ಹಾವಾ ಶೇವಾ ಬಂದರಿನಲ್ಲಿ ಇಳಿದು, ಸೊಲ್ಲಾಪುರದ ಮೇಲೆ ಲಾರಿಯಲ್ಲಿ ಬರುತ್ತದೆ. ಇಲ್ಲಿಂದ ಸೇಡಂ, ಆಳಂದ, ಜೇವರ್ಗಿ, ಯಾದಗಿರಿ ಕಡೆ ಹೋಗುತ್ತದೆ. ದೇಸಿ ಡಬ್ಬಿಯೇ ಸಾಕು ಎನ್ನುವವರಿಗೂ ಹಡಗಿನ ಋಣ ತಪ್ಪಿದ್ದಲ್ಲ. ಪೌಡರಿನೊಳಗಿನ ತಿನ್ನೋ ಸೋಡಾ ನಮ್ಮ ಗುಜರಾತಿನ ಮಿಠಾಪುರದಂಥ ಕಡೆ ತಯಾರಾಗುತ್ತದೆ, ನಿಜ. ಅದಕ್ಕೆ ಜೋಡಿಯಾಗುವ ಹುಳಿ ಲವಣ ಹೆಚ್ಚಾಗಿ ರಂಜಕದ್ದು, ಆ ರಂಜಕದ ಕಲ್ಲಿಗೆ ನಾವು ಜೋರ್ಡಾನ್, ಮೊರಾಕ್ಕೊ, ಈಜಿಪ್ಟಿನ ಮುಖ ನೋಡುವವರು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಗಲಾಟೆಯಾಗಿ ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಬರತೊಡಗಿದಾಗ ನನ್ನ ಮಾಲಿನ ಆಯುಷ್ಯ ನೀರಿನ ಮೇಲೆಯೇ ಒಂದಷ್ಟು ಕರಗಿತು. ಆಗ ಗಿರಾಕಿಗಳೆಲ್ಲ ತಾರೀಖು ನೋಡುವುದರಲ್ಲಿ ಪಂಡಿತರಾದರು. ಆರು ತಿಂಗಳು ಉಳಿದ ಡಬ್ಬಿ ಕೊಟ್ಟರೆ ಹಳೇ ಮಾಲು ಎಂದು ವಾಪಸ್. ಅದೇ ಹೊತ್ತಿಗೆ ಅವರ ಕಪಾಟಿನಲ್ಲಿ ಮಳೆಗಾಲದಲ್ಲಿ ಒಡೆದ ಡಬ್ಬಿ ಅರ್ಧ ಖಾಲಿಯಾಗಿ ಕೂತಿರುತ್ತಿತ್ತು.

ನೂರು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳುತ್ತೇನೆ. ಆ ತಾರೀಖು ಮುಚ್ಚಿದ ಡಬ್ಬಿಯದು. ಸೀಲು ಹರಿದ ಗಳಿಗೆಗೆ ಅದರ ಲೆಕ್ಕ ಮುಗಿಯಿತು, ನಿಮ್ಮ ಲೆಕ್ಕ ಶುರುವಾಯಿತು.

ಯಾಕೆಂದರೆ ಡಬ್ಬಿಯೊಳಗೆ ಇಬ್ಬರು ಜಗಳಗಂಟರಿದ್ದಾರೆ. ಒಂದು ಸೋಡಾ, ಇನ್ನೊಂದು ಹುಳಿ ಲವಣ. ನಡುವೆ ಬಿಡಿಸಿಡಲು ಮೆಕ್ಕೆಜೋಳದ ಪಿಷ್ಟ. ನೀರು ತಾಗಿದರೆ ಇಬ್ಬರೂ ಕೈ ಕೈ ಮಿಲಾಯಿಸುತ್ತಾರೆ, ಗಾಳಿ ಹುಟ್ಟುತ್ತದೆ. ಆ ಗಾಳಿ ಹಿಟ್ಟಿನೊಳಗೆ ಹುಟ್ಟಿದರೆ ಕೇಕು, ಡಬ್ಬಿಯೊಳಗೆ ಹುಟ್ಟಿದರೆ ನಷ್ಟ. ಪೌಡರು ತನ್ನ ತೂಕದ ಕನಿಷ್ಠ ಶೇ. 10ರಷ್ಟು ಇಂಗಾಲದ ಡೈ ಆಕ್ಸೈಡ್ ಕೊಡಬೇಕು ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ನಿಯಮ. ನೂರು ಗ್ರಾಮಿಗೆ ಹತ್ತು ಗ್ರಾಮು. ಒದ್ದೆ ಚಮಚ ಹಾಕಿದಾಗ, ಮುಚ್ಚಳ ತೆರೆದಿಟ್ಟು ಚಹಾಕ್ಕೆ ಹೋದಾಗ, ಈ ಹತ್ತರಲ್ಲಿ ಸ್ವಲ್ಪ ಸ್ವಲ್ಪವೇ ಸದ್ದಿಲ್ಲದೆ ಹಾರಿಹೋಗುತ್ತದೆ. ಪುಡಿಯ ಬಣ್ಣ ಬದಲಾಗದು, ವಾಸನೆ ಬಾರದು. ಗಂಟು ಕಟ್ಟಿದರೆ ಗೊತ್ತಾದೀತು. ಕಟ್ಟದಿದ್ದರೆ ಕೇಕೇ ಹೇಳಬೇಕು.

ಹೀಗಾಗಿ ತಾರೀಖು ಎರಡೇ ತಿಂಗಳು ಉಳಿದ ಸೀಲಿನ ಡಬ್ಬಿಯನ್ನು ನಾನು ಧೈರ್ಯವಾಗಿ ಬಳಸುತ್ತೇನೆ. ವರ್ಷ ಬಾಕಿಯಿದ್ದೂ ಶ್ರಾವಣದಲ್ಲಿ ಒಡೆದದ್ದನ್ನು ಪರೀಕ್ಷೆ ಮಾಡದೆ ಮುಟ್ಟುವುದಿಲ್ಲ. ಒಡೆದ ಮೇಲೆ ಎಷ್ಟು ದಿನ ಎಂದರೆ ಖಚಿತವಾಗಿ ಹೇಳಲಾರೆ. ಮನೆ ಅಡುಗೆಗೆ ಸಾಮಾನ್ಯವಾಗಿ ಆರು ತಿಂಗಳು ಎನ್ನುವುದುಂಟು. ದಿನಕ್ಕೆ ಇಪ್ಪತ್ತು ಸಲ ಮುಚ್ಚಳ ತೆರೆಯುವ ಬೇಕರಿಗೆ ಆ ಲೆಕ್ಕ ನಂಬಬೇಡಿ.

ದೊಡ್ಡ ಡಬ್ಬಿ ಒಡೆದು ತಿಂಗಳುಗಟ್ಟಲೆ ಇಡುವ ನಮ್ಮೂರಿನ ಹುಚ್ಚಿನ ಬೇರು ತೊಗರಿಯಲ್ಲಿದೆ ಎಂಬುದು ನನ್ನ ಗುಮಾನಿ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಬೇಳೆ ನಮ್ಮದು. ದರ ಬಿದ್ದಾಗ ಕೊಂಡು, ಒಣಗಿಸಿ, ಏರಿದಾಗ ಮಾರು ಎಂಬುದು ಗಂಜ್‌ನ, ಅಂದರೆ ಇಲ್ಲಿನ ಕಾಳಿನ ಮಾರುಕಟ್ಟೆಯ, ಪಾಠ. ಆ ಬುದ್ಧಿಯಲ್ಲೇ ಐದು ಕೆಜಿ ಪೌಡರು ಅಗ್ಗಕ್ಕೆ ತಂದು ವರ್ಷಗಟ್ಟಲೆ ತೋಡುತ್ತಾರೆ. ಸಣ್ಣ ಡಬ್ಬಿ ತಗೊಳ್ರೀ ಎಂದರೆ, ಕೆಜಿಗೆ ರೇಟ್ ಜಾಸ್ತಿ ಬೀಳ್ತದ ಎಂದು ನನಗೇ ವ್ಯಾಪಾರ ಕಲಿಸುತ್ತಾರೆ. ಜಾಸ್ತಿ ಬೀಳುವುದು ನಿಜವೇ. ಎಸೆದ ಕೇಕಿನ ಮೈದಾ, ಬೆಣ್ಣೆ, ತತ್ತಿಯ ಖರ್ಚನ್ನು ಮಾತ್ರ ಯಾರೂ ಆ ಕೆಜಿಗೆ ಸೇರಿಸುವುದಿಲ್ಲ.

ಸೇಡಂ ಕಡೆಯ ಹುಡುಗನೊಬ್ಬನಿದ್ದಾನೆ. ಒಳ್ಳೆಯ ಕೈ, ಅವನ ನಾನ್‌ಖಟಾಯಿ ಬಾಯಲ್ಲಿಟ್ಟರೆ ಕರಗುತ್ತದೆ. ಒಂದು ಸಲ ಅವನೂ ನಕಲಿ ಎಂದ. ಸಿಟ್ಟಿನಲ್ಲೇ ಹೋದೆ. ಡಬ್ಬಿ ಭಟ್ಟಿಯ ಮೇಲಿನ ಹಲಗೆಯಲ್ಲಿತ್ತು, ಮುಚ್ಚಳದ ಬದಲು ಒಂದು ತಟ್ಟೆ. ಪೌಡರು ಕೆಲಸ ಮಾಡುತ್ತಿಲ್ಲವೆಂದು ಎರಡರಷ್ಟು ಹಾಕಿದ್ದ. ಕೇಕು ಕಹಿ, ಬಾಯಲ್ಲಿ ಸಾಬೂನಿನ ರುಚಿ. ಅರ್ಧ ಲೋಟ ಬಿಸಿನೀರು ತರಿಸಿ ಒಂದು ಚಮಚ ಅವನ ಪೌಡರು ಹಾಕಿದೆ. ನಾಲ್ಕು ಗುಳ್ಳೆ ಬಂದವು. ಇನ್ನೊಂದು ಲೋಟಕ್ಕೆ ಅದೇ ಕಂಪನಿಯ ಹೊಸ ಡಬ್ಬಿ ಒಡೆದು ಹಾಕಿದೆ, ಬುರುಬುರು ನೊರೆ ಉಕ್ಕಿತು. ಎರಡರ ಮೇಲೂ ಒಂದೇ ತಾರೀಖು. ಹುಡುಗ ಬಹಳ ಹೊತ್ತು ಲೋಟವನ್ನೇ ನೋಡಿದ. "ಹಂಗಾದ್ರ ಡೇಟ್ ಯಾಕ ಹಾಕ್ತಾರ್ರೀ?" ಎಂದ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಈ ಪರೀಕ್ಷೆ ಬೇಕಿಂಗ್ ಪೌಡರಿಗೆ ಮಾತ್ರ. ಬರೀ ತಿನ್ನೋ ಸೋಡಾಕ್ಕೆ ನಿಂಬೆರಸ ಹಿಂಡಿ ನೋಡಬೇಕು.

ಬೈಯುವ ಅಧಿಕಾರ ನನಗೂ ಪೂರ್ತಿ ಇಲ್ಲ. ಧಂದೆ ಶುರು ಮಾಡಿದ ಹೊಸತರಲ್ಲಿ ತಗಡಿನ ಗೋದಾಮು ಬಾಡಿಗೆಗೆ ಹಿಡಿದು, ಕಾರ್ಟನ್‌ಗಳನ್ನು ಮಾಡಿಗೆ ತಾಗುವಷ್ಟು ಪೇರಿಸಿದ್ದೆ. ನಮ್ಮ ಮೇ ತಿಂಗಳು ಹೊರಗೇ 43-44 ಡಿಗ್ರಿ. ತಗಡಿನ ಕೆಳಗಿನ ಕಾವು ಬೇರೆ ಹೇಳಬೇಕೆ? ಸೋಡಾ 50 ಡಿಗ್ರಿ ದಾಟಿದರೆ ನೀರಿಲ್ಲದೆಯೂ ತಾನಾಗಿ ಮೆಲ್ಲಗೆ ಒಡೆಯತೊಡಗುತ್ತದೆ. ಮೇಲಿನ ಎರಡು ಸಾಲು ಸೀಲು ಬಿಚ್ಚದೆಯೇ ಸತ್ತಿದ್ದವು. ಹಾಗಾಗಿ ಸೀಲು ಇದ್ದರೆ ಸಾಕು ಎಂದೂ ನಾನು ಪ್ರಮಾಣ ಮಾಡಲಾರೆ. ಈಗ ಮಾಲು ನೆಲಮಾಳಿಗೆಯ ಕಲ್ಲಿನ ಕೋಣೆಯಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ.

ಡಬ್ಬಿಯ ಮೇಲೆ ಡಬಲ್ ಆಕ್ಟಿಂಗ್ ಎಂದಿದ್ದರೆ ಡಬಲ್ ಪವರ್ ಎಂದು ಅರ್ಧವೇ ಹಾಕುವವರೂ ಇದ್ದಾರೆ. ಕಲಸುವಾಗ ಒಮ್ಮೆ, ಭಟ್ಟಿಯ ಕಾವಿಗೆ ಇನ್ನೊಮ್ಮೆ ಗಾಳಿ ಬಿಡುತ್ತದೆ ಎಂದಷ್ಟೇ ಅದರರ್ಥ. ಆಮದುದಾರನ ಹೆಸರು, ಲೈಸೆನ್ಸ್ ನಂಬರಿನ ಸ್ಟಿಕರ್ ಇಲ್ಲದ ಡಬ್ಬಿಯೇ ಅಸಲಿ ಫಾರಿನ್ ಎಂದು ಹುಡುಕುವವರಿಗೆ ನಾನು ಮಾಲು ಕೊಡುವುದಿಲ್ಲ, ವಾದವನ್ನೂ ಮಾಡುವುದಿಲ್ಲ.

ಸೇಡಂ ಹುಡುಗನಿಗೆ ಒಡೆದ ದಿನವನ್ನು ಡಬ್ಬಿಯ ಮೇಲೆ ಬರೆದಿಡು ಎಂದು ಹೇಳಿ ಬಂದಿದ್ದೆ. ಹೋದ ತಿಂಗಳು ನೋಡಿದರೆ ಶಿಸ್ತಾಗಿ ಬರೆದಿದ್ದಾನೆ, ಆದರೆ ಮುಚ್ಚಳದ ಮೇಲೆ. ಕಪಾಟಿನಲ್ಲಿ ಮೂರು ಡಬ್ಬಿ, ಮೂರು ಮುಚ್ಚಳ. ಯಾವುದು ಯಾವುದರದೋ ಅವನಿಗೂ ಗೊತ್ತಿಲ್ಲ. "ತಮ್ಮಾ, ಡಬ್ಬಿ ಹೊಟ್ಟಿ ಮ್ಯಾಲ ಬರಿಯೋ" ಎಂದೆ. ನನ್ನ ಕಿಸೆಯಲ್ಲಿದ್ದ ಮಾರ್ಕರ್ ಪೆನ್ನನ್ನೇ ಕೇಳಿ ಇಸಕೊಂಡ. ಇನ್ನೂ ವಾಪಸ್ ಕೊಟ್ಟಿಲ್ಲ.