ಯೋಜನೆ ಮುಗಿದ ಮೇಲೆ ಮೇಷ್ಟ್ರಿಗೆ ಸಂಬಳ ಯಾರು ಕೊಡ್ತಾರೆ?

ಕೇರಳದ ಗಡಿ ಜಿಲ್ಲೆ ನಮ್ಮ ಕಾಸರಗೋಡು. ಇಲ್ಲಿಯ ಮಂಜೇಶ್ವರ ತಾಲೂಕಿನ ಪೈವಳಿಕೆಯಲ್ಲಿ ಈಗ 50 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಕಾಞಂಗಾಡಿನ ಆಚೆ ಅಂಬಲತ್ತರದಲ್ಲೂ ಅಷ್ಟೇ ದೊಡ್ಡದು ಇನ್ನೊಂದಿದೆ. ತೋಟದ ಪಂಪನ್ನು ಬಿಸಿಲಿಗೆ ಜೋಡಿಸಲು 2019ರಲ್ಲಿ ಕೇಂದ್ರದ ಪಿಎಂ-ಕುಸುಮ್ ಸಬ್ಸಿಡಿ ಬಂತು. ಮನೆಯ ಮಾಡಿಗೆ ಪ್ಯಾನೆಲ್ ಹಾಕಿಸಿದರೆ 2024ರ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೂ ಬರುತ್ತದೆ. ವಸ್ತು ಕೊಳ್ಳಲು ಇಷ್ಟು ದುಡ್ಡಿದೆ. ಅದನ್ನು ಜೋಡಿಸಿ, ಕೆಟ್ಟಾಗ ಸರಿ ಮಾಡುವ ಮಕ್ಕಳನ್ನು ತಯಾರು ಮಾಡುವ ಹಳ್ಳಿ ಕಡೆಯ ಕಾಲೇಜಿಗೆ ಮಾತ್ರ ದುಡ್ಡು ಆಗೊಮ್ಮೆ ಈಗೊಮ್ಮೆ ಬಂದಿದೆ. ಇದು ಇವತ್ತಿನ ಕಥೆಯಲ್ಲ.

1978-79ರಲ್ಲಿ ಕೇಂದ್ರ ಸರ್ಕಾರ ಸಮುದಾಯ ಪಾಲಿಟೆಕ್ನಿಕ್ ಯೋಜನೆ ಶುರು ಮಾಡಿತು. ಪಾಲಿಟೆಕ್ನಿಕ್‌ಗಳಿಗೆ ನೇರವಾಗಿ ಅನುದಾನ ಕೊಟ್ಟು, ಸುತ್ತಲಿನ ಹಳ್ಳಿಯ ಯುವಕರಿಗೆ ಕೆಲಸ ಕಲಿಸಿ ಅಂತ ಹೇಳಿತು. ಒಳ್ಳೆಯ ಯೋಚನೆ. ಅದರ ಹಿಂದೆಯೇ, 1981-82ರಲ್ಲಿ, ಗೋಬರ್ ಗ್ಯಾಸಿನ ರಾಷ್ಟ್ರೀಯ ಯೋಜನೆ ಬಂತು. ದನ ಸಾಕುತ್ತಿದ್ದ ನಮ್ಮ ಅಡಿಕೆ ಬೆಳೆಗಾರರಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಹಟ್ಟಿಯ ಸೆಗಣಿ ಒಲೆಗೆ ಗ್ಯಾಸ್ ಆಯಿತು, ಉಳಿದ ಬಗ್ಗಡ ಅಡಿಕೆ ಬುಡಕ್ಕೆ ಹೋಯಿತು. ಘಟಕ ಕಟ್ಟುವ ಮೇಸ್ತ್ರಿಗಳಿಗೆ ತರಬೇತಿಯೂ ಆ ಯೋಜನೆಯಲ್ಲೇ ಇತ್ತು. ಆದರೆ ಗುಮ್ಮಟದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಗ್ಯಾಸ್ ನಿಲ್ಲುವುದಿಲ್ಲ. ಕಟ್ಟಿದವನು ಬೇರೆ ಕೆಲಸಕ್ಕೆ ಹೋಗಿದ್ದರೆ ಮುಗಿಯಿತು, ಗುಂಡಿ ಸುಮ್ನೆ ಬಿದ್ದಿರುತ್ತದೆ. ಕಟ್ಟುವುದಕ್ಕೆ ಸಬ್ಸಿಡಿ, ನೋಡಿಕೊಳ್ಳುವವನಿಗೆ ಏನೂ ಇಲ್ಲ. ಆಗ ಶುರುವಾದ ಈ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಶಾಲೆಯ ದಾರಿಯೂ ಇತ್ತು. ಹತ್ತನೇ ತರಗತಿ ಆದ ಮೇಲೆ ಕಸುಬು ಕಲಿಸಬೇಕು ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಕೇರಳ 1983-84ರಲ್ಲಿ ವೊಕೇಶನಲ್ ಹೈಯರ್ ಸೆಕೆಂಡರಿ ತೆರೆಯಿತು, ಕೃಷಿಯೂ ಅದರಲ್ಲಿ ಸೇರಿತು. 1994ರಲ್ಲಿ ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು ಬಂತು. ನಮ್ಮ ಜಿಲ್ಲೆಗೆ ಅದು ದೊಡ್ಡ ವಿಷಯವೇ. ಆದರೆ ಅಲ್ಲಿ ಪದವೀಧರರು ತಯಾರಾಗುತ್ತಾರೆ. ಡ್ರಿಪ್ ಪೈಪ್ ಕಟ್ಟಿಕೊಂಡಾಗ, ಸ್ಪ್ರೇ ಪಂಪ್ ಕೈಕೊಟ್ಟಾಗ ತೋಟಕ್ಕೆ ಬರಬೇಕಾದವರು ಬೇರೆಯವರು.

ಆ ಬೇರೆಯವರಿಗಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2014ರಲ್ಲಿ ಬಿ.ವೊಕ್ ಅನ್ನುವ ಕಸುಬಿನ ಪದವಿ ತಂದಿತು. ಪಾಠದಲ್ಲಿ 60 ಭಾಗ ಕೈಕೆಲಸ, 40 ಭಾಗ ಸಾಮಾನ್ಯ ವಿಷಯ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಮೂರು ವರ್ಷ ಮುಗಿಸಿದರೆ ಪದವಿ. ಊರಿನ ಸಾಧಾರಣ ಕಾಲೇಜಿನಲ್ಲೇ ಇದನ್ನು ಓದಬಹುದು ಅನ್ನುವುದೇ ದೊಡ್ಡ ಆಸೆ. ತೊಡಕಿದ್ದದ್ದು ಅನುದಾನದಲ್ಲಿ. ಮೊದಲ ಕೆಲವು ವರ್ಷ ಲ್ಯಾಬಿಗೆ, ಅಧ್ಯಾಪಕರಿಗೆ ದುಡ್ಡು, ಆಮೇಲೆ ಕಾಲೇಜೇ ದಾರಿ ನೋಡಿಕೊಳ್ಳಬೇಕು. ಫೀಸು ಏರಿಸಿದರೆ ಕೂಲಿಯವರ ಮಕ್ಕಳು ಬರುವುದಿಲ್ಲ. ಏರಿಸದಿದ್ದರೆ ಗುತ್ತಿಗೆಯ ಮೇಷ್ಟ್ರು ಉಳಿಯುವುದಿಲ್ಲ.

ಸೋಲಾರ್ ಕೆಲಸ ಕಲಿಸುವ 2015ರ ಸೂರ್ಯಮಿತ್ರ ತರಬೇತಿ ಇನ್ನೂ ಚಿಕ್ಕದು. ಒಟ್ಟು 600 ಗಂಟೆ, ಊಟ ವಸತಿ ಉಚಿತ. ತರಬೇತಿ ಕೇಂದ್ರಕ್ಕೆ ದುಡ್ಡು ಬರುವುದು ಬ್ಯಾಚಿನ ಲೆಕ್ಕದಲ್ಲಿ. ಬ್ಯಾಚ್ ಇಲ್ಲದಿದ್ದರೆ ದುಡ್ಡೂ ಇಲ್ಲ.

600 ಗಂಟೆಯಲ್ಲಿ ಕಲಿಯಲು ಆಗದ್ದು ಏನು ಅಂತ ಕೇಳಿದರೆ ನಾನು ಅರ್ಥಿಂಗ್ ತೋರಿಸುತ್ತೇನೆ. ನಮ್ಮ ಗುಡ್ಡಗಳು ಮುರಕಲ್ಲಿನವು. ಬೇಸಿಗೆಯಲ್ಲಿ ಒಣಗಿದ ಮುರಕಲ್ಲು ಕರೆಂಟನ್ನು ಸರಿಯಾಗಿ ಭೂಮಿಗೆ ಇಳಿಯಲು ಬಿಡುವುದಿಲ್ಲ. ಸಿಡಿಲು ಬಡಿಯುವುದೂ ಹೆಚ್ಚಾಗಿ ಅದೇ ಏಪ್ರಿಲ್, ಮೇಯಲ್ಲಿ. ಗುಂಡಿ ಆಳ ತೋಡಿ, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದು, ಮೀಟರ್ ಹಿಡಿದು ನೋಡಬೇಕು. ಮಣ್ಣಿನ ತಡೆ (ರೆಸಿಸ್ಟೆನ್ಸ್) ಜಾಸ್ತಿ ಬಂದರೆ ಎರಡನೇ ಗುಂಡಿ ತೋಡಿ ಎರಡನ್ನೂ ತಾಮ್ರದ ಪಟ್ಟಿಯಲ್ಲಿ ಸೇರಿಸಬೇಕು. ಇಷ್ಟು ಮಾಡದೆ ಹೋದರೆ ಪಂಪಿನ ಕಂಟ್ರೋಲರ್ ಒಂದೇ ಸಿಡಿಲಿಗೆ ಸುಟ್ಟುಹೋಗಬಹುದು. ಬಯಲುಸೀಮೆಯ ಮಣ್ಣಿಗೆ ಬರೆದ ಪಾಠದಲ್ಲಿ ಇದಕ್ಕೆ ಒಂದು ಪ್ಯಾರಾ ಇದ್ದರೆ ಹೆಚ್ಚು. ಇಲ್ಲೇ ಗುಡ್ಡ ಹತ್ತಿ, ಒಂದು ಬೇಸಿಗೆ ಒಂದು ಮಳೆಗಾಲ ನೋಡಿದವರೇ ಕಲಿಸಬೇಕಲ್ವಾ?

ಭಾಷೆಯ ಮಾತನ್ನೂ ಇಲ್ಲಿ ಹೇಳಲೇಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಆಡಳಿತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿತು. ಅದು ವರ್ಕ್‌ಶಾಪಿನೊಳಗೆ ಬರಲಿಲ್ಲ. ಕನ್ನಡದಲ್ಲಿ ಹತ್ತನೇ ಮುಗಿಸಿದ ಹುಡುಗಿ ವಯರಿಂಗ್ ಕಲಿಯಲು ಬಂದರೆ ಮಲಯಾಳ, ಇಂಗ್ಲಿಷ್ ಎರಡನ್ನೂ ದಾಟಬೇಕು. ಎಷ್ಟೋ ಮಕ್ಕಳು ಗಡಿಯ ತಲಪಾಡಿ ಗೇಟು ದಾಟಿ ಮಂಗಳೂರಿಗೆ ಹೋಗುತ್ತಾರೆ. ಹಾಗೆ ಹೋದವರು ಅಲ್ಲೇ ಕೆಲಸ ಹಿಡಿದರೆ ಪೈವಳಿಕೆಯ ತೋಟಕ್ಕೆ ಸಿಗುವುದಿಲ್ಲ.

ಈಗ ಮತ್ತೊಂದು ಅವಕಾಶ ಬಂದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ 1,000 ಸರ್ಕಾರಿ ಐಟಿಐಗಳನ್ನು ಮೇಲೆತ್ತಲು 60,000 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕೇಂದ್ರದ ಪಾಲು 30,000 ಕೋಟಿ, ರಾಜ್ಯಗಳದ್ದು 20,000, ಉದ್ಯಮಗಳದ್ದು 10,000. ದೊಡ್ಡ 200 ಐಟಿಐಗಳ ಸುತ್ತ ಸಣ್ಣ 800 ಇರುತ್ತವೆ. ಅವಧಿ ಐದು ವರ್ಷ. ಗಡಿ ಜಿಲ್ಲೆಯಿಂದ ಕೇಳುವವರು ಕಟ್ಟಡದ ನಕ್ಷೆಯ ಜೊತೆಗೆ ಮೂರು ವಿಷಯ ಬರೆದು ಕೇಳಲಿ: ಆರನೇ ವರ್ಷದ ಸಂಬಳ ಯಾರ ಲೆಕ್ಕದಲ್ಲಿ, ಕನ್ನಡ ಬಲ್ಲ ಇನ್‌ಸ್ಟ್ರಕ್ಟರ್ ಎಷ್ಟು ಮಂದಿ, ಊರಿನ ಪಂಪುಗಳ ಮೇಲೇ ಮಕ್ಕಳು ಕೈ ಪಳಗಿಸಲು ಪಂಚಾಯತ್ ಜೊತೆ ಕರಾರು ಆಗುತ್ತದೆಯೇ ಇಲ್ಲವೇ.