ಬಂದೂಕು ಯಾರ ದುಡ್ಡಿನದು?

ಹಳೆಯ ಪಟ್ಟಣಪಡೆಗಳ, ಅಂದರೆ ಊರಿನವರೇ ಆಯುಧ ಹಿಡಿದು ಕಟ್ಟಿಕೊಂಡ ದಂಡುಗಳ, ಕಡತ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಖರ್ಚಿನ ಲೆಕ್ಕವನ್ನು. ಕಾದಾಟದ ವರ್ಣನೆ ಆಮೇಲೆ. ಆಯುಧಕ್ಕೆ ದುಡ್ಡು ಹಾಕಿದವರು ಯಾರೆಂದು ಗೊತ್ತಾದರೆ ಪಡೆ ಯಾರ ಮಾತು ಕೇಳುತ್ತಿತ್ತು ಎಂಬುದೂ ಬಹುಮಟ್ಟಿಗೆ ಗೊತ್ತಾದ ಹಾಗೆ.

ಇಂಗ್ಲೆಂಡಿನ 1285ರ ವಿಂಚೆಸ್ಟರ್ ಶಾಸನದ ಪ್ರಕಾರ 15ರಿಂದ 60 ವರ್ಷದೊಳಗಿನ ಪ್ರತಿ ಗಂಡಸೂ ಆಸ್ತಿಗೆ ತಕ್ಕ ಆಯುಧ ಇಟ್ಟುಕೊಳ್ಳಬೇಕಿತ್ತು. ಸ್ಥಿತಿವಂತನಿಗೆ ಕವಚ, ಖಡ್ಗ, ಕುದುರೆ, ಇಲ್ಲದವನಿಗೆ ಬಿಲ್ಲು-ಬಾಣ. ವರ್ಷಕ್ಕೆ ಎರಡು ಸಲ ತಪಾಸಣೆ. ಕೋಟೆಯುಳ್ಳ ಊರಿನ ಬಾಗಿಲು ಹೊತ್ತು ಮುಳುಗಿದ ಮೇಲೆ ಮುಚ್ಚಿದರೆ ಬೆಳಗಿನವರೆಗೆ ತೆರೆಯುವಂತಿರಲಿಲ್ಲ.

ಡಚ್ ಪಟ್ಟಣಗಳಲ್ಲಿ ಇದೇ ಏರ್ಪಾಡು ಪ್ರತಿಷ್ಠೆಯ ವಿಷಯವಾಯಿತು. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಚಿತ್ರದಲ್ಲಿರುವುದು ಆಮ್‌ಸ್ಟರ್‌ಡಾಮಿನ ಬಂದೂಕುಧಾರಿ ನಾಗರಿಕರ ದಂಡು, ಕ್ಯಾಪ್ಟನ್ ಫ್ರಾನ್ಸ್ ಬಾನಿಂಕ್ ಕಾಕ್‌ನದು. ಸ್ವಲ್ಪ ಹತ್ತಿರದಿಂದ ನೋಡಿ: ಎಡಗಡೆ ಕೆಂಪು ಉಡುಪಿನವನು ನಳಿಗೆಗೆ ಮದ್ದು ತುಂಬುತ್ತಿದ್ದಾನೆ, ನಡುವೆ ಅರೆಮರೆಯಾಗಿರುವವನು ಗುಂಡು ಹಾರಿಸುತ್ತಿದ್ದಾನೆ, ಬಲಗಡೆಯವನು ಉಳಿದ ಮದ್ದನ್ನು ಊದಿ ತೆಗೆಯುತ್ತಿದ್ದಾನೆ. ಕವಾಯತಿನ ಮೂರು ಹಂತಗಳೂ ಒಂದೇ ಚೌಕಟ್ಟಿನಲ್ಲಿ! ಚಿತ್ರದಲ್ಲಿ ಮುಖ ಕಾಣಿಸಿಕೊಳ್ಳಲು ಸದಸ್ಯರು ಸರಾಸರಿ 100 ಗಿಲ್ಡರ್ (ಆಗಿನ ಡಚ್ ನಾಣ್ಯ) ಕೊಟ್ಟಿದ್ದರು. ನಿಂತ ಜಾಗಕ್ಕೆ ತಕ್ಕಂತೆ ಮೊತ್ತ ಹೆಚ್ಚು-ಕಡಿಮೆ. ಬಂದೂಕು, ಉಡುಪು ಎಲ್ಲ ಸ್ವಂತ ಖರ್ಚಿನದೇ ಆದ್ದರಿಂದ ಬಡವರಿಗೆ ಇಲ್ಲಿ ಜಾಗವಿರಲಿಲ್ಲ. ಊರು ಕಾಯುವ ಕೆಲಸದ ಜೊತೆಗೆ ಊರಿನಲ್ಲಿ ತಮ್ಮ ಸ್ಥಾನವನ್ನೂ ಇವರು ಕಾಯ್ದುಕೊಳ್ಳುತ್ತಿದ್ದರು ಎಂದೇ ನನ್ನ ಅನಿಸಿಕೆ.

ನಾಗರಿಕ ಪಡೆಗಳ ಬಗ್ಗೆ ಅಮೆರಿಕದ 1792ರ ಕಾನೂನು 18ರಿಂದ 45ರ ಬಿಳಿಯ ಗಂಡಸರಿಗೆ ಆರು ತಿಂಗಳೊಳಗೆ ಸ್ವಂತ ಬಂದೂಕು ಹೊಂದಿಸಿಕೊಳ್ಳಿ ಎಂದಿತು. ಎಷ್ಟೋ ಕಡೆ ಅದು ಕಾಗದದಲ್ಲೇ ಉಳಿಯಿತು. 1808ರಿಂದ ಕೇಂದ್ರ ಸರ್ಕಾರವೇ ಈ ಪಡೆಗಳ ಶಸ್ತ್ರಾಸ್ತ್ರಕ್ಕೆ ವರ್ಷಕ್ಕೆ 2 ಲಕ್ಷ ಡಾಲರ್ ತೆಗೆದಿಟ್ಟಿತು. 1903ರ ಕಾಯ್ದೆಯಲ್ಲಿ ಹಣ ಹೆಚ್ಚಿತು, ಅದರ ಬೆನ್ನಿಗೇ ಕೇಂದ್ರದ ತಪಾಸಣೆಯೂ ಬಂತು. ದುಡ್ಡು ಕೊಟ್ಟವನು ಲೆಕ್ಕ ಕೇಳದೆ ಇರುತ್ತಾನೆಯೇ?

ಪ್ಯಾರಿಸ್ಸಿನ ನಾಗರಿಕರ ಪಡೆ ನ್ಯಾಷನಲ್ ಗಾರ್ಡ್ 1789ರ ಜುಲೈನಲ್ಲಿ ಹುಟ್ಟಿತು. ಮೊದಮೊದಲು ತೆರಿಗೆ ಕಟ್ಟುವ ಅನುಕೂಲಸ್ಥರದೇ ಕಾರುಬಾರು. 1792ರ ಬೇಸಿಗೆಯಲ್ಲಿ ಉಳಿದವರಿಗೂ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ, ಆಗಸ್ಟ್ 10ರಂದು, ದಂಗೆಯೆದ್ದ ಜನರೊಂದಿಗೆ ಗಾರ್ಡಿನ ತುಕಡಿಗಳೂ ರಾಜನ ಅರಮನೆಗೆ ನುಗ್ಗಿದವು. 1827ರ ಏಪ್ರಿಲ್ ಕವಾಯತಿನಲ್ಲಿ ಕೆಲವರು ಮಂತ್ರಿಗಳ ವಿರುದ್ಧ ಕೂಗಿದ್ದಕ್ಕೆ ರಾಜ ಹತ್ತನೇ ಶಾರ್ಲ್ ಪಡೆಯನ್ನೇ ವಿಸರ್ಜಿಸಿದ. ಬಂದೂಕುಗಳನ್ನು ಮಾತ್ರ ವಾಪಸು ಪಡೆಯಲಿಲ್ಲ. 1830ರ ಜುಲೈನಲ್ಲಿ ಅವೇ ಬಂದೂಕುಗಳು ಬೀದಿಗಿಳಿದವು. ಮೂರು ದಿನಗಳ ಕಾಳಗದಲ್ಲಿ ಪ್ಯಾರಿಸ್ ರಾಜನ ಕೈತಪ್ಪಿತು.